ಈಜುಕೊಳದ ಹಸಿರು ಹಳದಿ ತಂತಿ

ಬುಧವಾರ ಬೆಳಿಗ್ಗೆ ಹತ್ತೂಕಾಲಿಗೆ ಠಾಣೆಗೆ ಬಂದ ಹೆಂಗಸು ಕುರ್ಚಿ ತೋರಿಸಿದರೂ ಕೂರಲಿಲ್ಲ. ಆಸ್ಪತ್ರೆಯ ಬಿಳಿ ಸಮವಸ್ತ್ರದಲ್ಲೇ ಬಂದಿದ್ದಳು. ಕಣ್ಣುಗಳು ಅತ್ತು ಊದಿಕೊಂಡಿದ್ದವು, ದನಿ ಮಾತ್ರ ನೆಟ್ಟಗಿತ್ತು.

“ನಿನ್ನೆ ಈಜುಕೊಳದಲ್ಲಿ ಸತ್ತ ಕೋಚ್ ನನ್ನ ತಮ್ಮ. ಎಲ್ಲರೂ ಹಾರ್ಟ್ ಅಟ್ಯಾಕ್ ಅಂತಿದಾರೆ. ಅದು ಹಾರ್ಟ್ ಅಟ್ಯಾಕ್ ಅಲ್ಲ.”

ಇನ್‌ಸ್ಪೆಕ್ಟರ್ ಎದುರಿಗಿದ್ದ ಕಡತ ಮುಚ್ಚಿದ. ಇಪ್ಪತ್ತೊಂದು ವರ್ಷದ ನೌಕರಿಯಲ್ಲಿ ಇಂಥ ಮಾತನ್ನು ಅವನು ಬೇಕಾದಷ್ಟು ಸಲ ಕೇಳಿದ್ದ. ಹತ್ತರಲ್ಲಿ ಒಂಬತ್ತು ಸಲ ಅದು ದುಃಖದ ಮಾತಾಗಿರುತ್ತಿತ್ತು.

“ಅಲ್ಲ ಅಂತ ಹೇಗೆ ಹೇಳ್ತೀರಮ್ಮ?”

“ಹದಿನಾರು ವರ್ಷದಿಂದ ಹೃದ್ರೋಗದ ವಾರ್ಡಲ್ಲಿ ನರ್ಸಾಗಿದೀನಿ. ಮೂರು ತಿಂಗಳ ಹಿಂದೆ ಅವನ ಇಸಿಜಿ ತೆಗೆದದ್ದು ನಾನೇ. ಗಡಿಯಾರದ ಹಾಗಿತ್ತು.”

“ಬರೀ ಅಷ್ಟರಿಂದ...”

“ಭಾನುವಾರ ಮನೆಗೆ ಊಟಕ್ಕೆ ಬಂದಿದ್ದ. ತಟ್ಟೆ ಮುಂದೆ ಕೂತು ಹೇಳಿದ, ‘ಅಕ್ಕಾ, ಕೊಳದ ನೀರು ಚಿವುಟುತ್ತೆ’ ಅಂತ. ದೀಪದ ಹತ್ತಿರ ಹೋದ್ರೆ ಇರುವೆ ಕಚ್ಚಿದ ಹಾಗೆ ಆಗುತ್ತಂತೆ. ಬೆಳಿಗ್ಗೆ ಹೊತ್ತು ಮಾತ್ರ. ನಾನು ನಕ್ಕುಬಿಟ್ಟೆ.”

ಆಮೇಲೆ ಅವಳು ಕೂತಳು. ಇನ್‌ಸ್ಪೆಕ್ಟರ್ ಪೆನ್ನಿನ ಕ್ಯಾಪ್ ತೆಗೆದ. ಹತ್ತೂ ಐವತ್ತಕ್ಕೆ ಎಫ್‌ಐಆರ್ ಮುಗಿಯಿತು. ಸದ್ಯಕ್ಕೆ ಅಸ್ವಾಭಾವಿಕ ಮರಣ ಎಂದೇ ಬರೆದುಕೊಂಡರು. ಆರೋಪಿಯ ಕಾಲಂ ಖಾಲಿ ಉಳಿಯಿತು.

ಶವಪರೀಕ್ಷೆ ಮಾಡಿದ ಡಾಕ್ಟರು ಮಧ್ಯಾಹ್ನ ಮೂರಕ್ಕೆ ಫೋನಿನಲ್ಲಿ ಸಿಕ್ಕರು. ಸುತ್ತಿ ಬಳಸಿ ಮಾತಾಡುವ ಜಾಯಮಾನದವರಲ್ಲ. “ಹೃದಯ ನಿಂತಿದೆ. ಆದ್ರೆ ನಿಲ್ಲೋಕೆ ಹೃದಯದೊಳಗೆ ಕಾರಣ ಇಲ್ಲ. ಶ್ವಾಸಕೋಶದಲ್ಲಿ ನೀರೂ ಅಷ್ಟಿಲ್ಲ.”

“ಕರೆಂಟು ಹೊಡೆದಿರಬಹುದಾ? ಮೈ ಮೇಲೆ ಸುಟ್ಟ ಗುರುತು ಏನಾದ್ರೂ?”

“ನೀರೊಳಗೆ ಹೊಡೆದ್ರೆ ಗುರುತು ಬೀಳಲೇಬೇಕು ಅಂತೇನಿಲ್ಲ. ನನ್ನ ಟೇಬಲ್ ಮೇಲೆ ಉತ್ತರ ಇಲ್ಲ ಇನ್‌ಸ್ಪೆಕ್ಟರೇ. ನೀರಿನ ಹತ್ತಿರ ಹೋಗಿ ಕೇಳಿ.”

ನಾಲ್ಕು ಗಂಟೆಗೆ ಇನ್‌ಸ್ಪೆಕ್ಟರ್ ದಫೇದಾರನನ್ನೂ ಮಹಜರಿನ ಸಾಕ್ಷಿಗೆ ಇಬ್ಬರು ಪಂಚರನ್ನೂ ಕರೆದುಕೊಂಡು ಈಜುಕೊಳಕ್ಕೆ ಹೋದ. ದಫೇದಾರ್ ನಿವೃತ್ತಿಗೆ ಎರಡು ವರ್ಷ ಬಾಕಿ ಇದ್ದವನು. ಎಂಥ ಜಾಗದಲ್ಲೂ ಒಂದು ಹಾಸ್ಯದ ಮಾತು ಹುಡುಕಿಕೊಳ್ಳುತ್ತಿದ್ದ. ಕೆಲಸದಲ್ಲಿ ಮಾತ್ರ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡಿರುತ್ತಿದ್ದ.

ಹೆಂಚಿನಷ್ಟೇ ಕೆಂಪಾದ ಇಟ್ಟಿಗೆಯ ಹಳೆಯ ಕಟ್ಟಡ ಅದು. ಮಧ್ಯದಲ್ಲಿ ಇಪ್ಪತ್ತೈದು ಮೀಟರಿನ ಕೊಳ, ನೀಲಿ ಟೈಲ್ಸು, ಸಿಮೆಂಟಿನ ಮೆಟ್ಟಿಲು. ನೀರಿನೊಳಗೆ ಗೋಡೆಯುದ್ದಕ್ಕೂ ತಟ್ಟೆಯಷ್ಟಗಲದ ಆರು ದೀಪ. ಎಂಟು ತಿಂಗಳ ಹಿಂದೆ ಹೊಸದಾಗಿ ಕೂರಿಸಿದ್ದು ಎಂದು ಮ್ಯಾನೇಜರ್ ಹೇಳಿದ. ಅವನು ಮಾತಿಗೊಮ್ಮೆ ಕರವಸ್ತ್ರದಿಂದ ಕತ್ತು ಒರೆಸಿಕೊಳ್ಳುತ್ತಿದ್ದ.

“ಕೋಚ್ ನಿಮ್ಮ ಹತ್ತಿರ ದೂರು ಹೇಳಿದ್ದನಾ?”

“ಸೋಮವಾರ ಏನೋ ಅಂದ ಸಾರ್. ಹನ್ನೆರಡು ವೋಲ್ಟಿನ ದೀಪ ಅದು. ಬೈಕಿನ ಬ್ಯಾಟರಿಯಷ್ಟು. ಕೈಯಲ್ಲಿ ಹಿಡಿದ್ರೂ ಗೊತ್ತಾಗಲ್ಲ. ಅದರಿಂದ ಮನುಷ್ಯ ಸಾಯ್ತಾನಾ?”

ಇನ್‌ಸ್ಪೆಕ್ಟರನಿಗೂ ಹಾಗೇ ಅನ್ನಿಸಿತು. ಕರೆಂಟಿನ ವಿಷಯದಲ್ಲಿ ಅವನ ತಿಳಿವಳಿಕೆ ಅಷ್ಟಕ್ಕಷ್ಟೇ. ಮನೆಯಲ್ಲಿ ಬಲ್ಬ್ ಕೆಟ್ಟರೆ ಸ್ಟೂಲು ಹತ್ತುತ್ತಿದ್ದವಳು ಹೆಂಡತಿ. ಇವನು ಸ್ಟೂಲು ಹಿಡಿದುಕೊಳ್ಳುತ್ತಿದ್ದ, ಅದೂ ಒಂದೇ ಕೈಯಲ್ಲಿ.

ಕಣ್ಣಾರೆ ಕಂಡವಳು ಟಿಕೆಟ್ ಕೊಡುವಾಕೆ. ಅವಳ ಕಿಟಕಿಯಿಂದ ಇಡೀ ಕೊಳ ಕಾಣುತ್ತಿತ್ತು.

“ಎಂಟು ಗಂಟೆಗೆ ಮಕ್ಕಳ ಕ್ಲಾಸು. ಇಪ್ಪತ್ತೆರಡು ಮಕ್ಕಳು. ಎಲ್ಲರನ್ನೂ ಬೆಂಚಿನ ಮೇಲೆ ಕೂರಿಸಿ, ‘ನಾನು ಹೇಳೋ ತನಕ ಯಾರೂ ಕಾಲು ಕೂಡ ಅದ್ದಬಾರದು’ ಅಂದ್ರು. ಆಮೇಲೆ ತಾವೊಬ್ಬರೇ ಇಳಿದ್ರು.”

“ಎಷ್ಟು ಹೊತ್ತಿಗೆ?”

“ಏಳೂ ಐವತ್ತು. ಎದೆಮಟ್ಟದ ನೀರಲ್ಲಿ ನಡ್ಕೊಂಡು ಮೂರನೇ ದೀಪದ ಹತ್ತಿರ ಹೋದ್ರು. ಕೈ ಚಾಚಿದ್ರು.” ಅವಳು ತನ್ನ ಕೈಯನ್ನೇ ಚಾಚಿ ತೋರಿಸಿ, ತಟ್ಟನೆ ಹಿಂದಕ್ಕೆಳೆದುಕೊಂಡಳು. “ಕೂಗ್ಲಿಲ್ಲ, ಒದ್ದಾಡಲಿಲ್ಲ. ಕುರ್ಚಿ ಮೇಲೆ ಕೂತ್ಕೊಂಡ ಹಾಗೆ ಒಳಗೆ ಹೋದ್ರು.”

“ಹೊರಗೆ ಎಳೆದವರು ಯಾರು?”

“ಅರ್ಥಿಂಗಣ್ಣ. ನಮ್ಮ ಎಲೆಕ್ಟ್ರಿಷಿಯನ್ನು, ಎಲ್ಲರೂ ಹಾಗೇ ಕರೆಯೋದು. ‘ಯಾರೂ ನೀರಿಗಿಳೀಬೇಡಿ’ ಅಂತ ಕಿರುಚಿದ್ರು. ಓಡಿಹೋಗಿ ಮೇನ್ ಆಫ್ ಮಾಡಿದ್ರು. ಆಮೇಲೆ ಬಟ್ಟೆ ಸಮೇತ ಹಾರಿದ್ರು.”

ಇನ್‌ಸ್ಪೆಕ್ಟರ್ ನೋಟ್‌ಬುಕ್ಕಿನಲ್ಲಿ ‘ಮೇನ್ ಆಫ್, ಆಮೇಲೆ ಹಾರಿದ್ದು’ ಎಂದು ಬರೆದು ಅದರ ಕೆಳಗೆ ಗೆರೆ ಎಳೆದ.

ಅರ್ಥಿಂಗಣ್ಣ ಪ್ಯಾನೆಲ್ ರೂಮಿನಲ್ಲಿದ್ದ. ಐವತ್ತೆರಡು, ಐವತ್ತಮೂರರ ಸಣಕಲು ಆಳು. ಕೇಳಿದ್ದಕ್ಕಷ್ಟೇ ಉತ್ತರ ಕೊಟ್ಟು, ಬಾಗಿಲು ತೆರೆದು ಪಕ್ಕಕ್ಕೆ ನಿಂತ. ಒಳಗೆ ಕಾಲಿಟ್ಟ ಇನ್‌ಸ್ಪೆಕ್ಟರ್ ಅಲ್ಲೇ ನಿಂತುಬಿಟ್ಟ.

ಎದುರು ಗೋಡೆಯ ಮೇಲೆ ಮೊಳಕೈ ಉದ್ದದ ತಾಮ್ರದ ಪಟ್ಟಿಗಳು ಸಾಲಾಗಿದ್ದವು. ಅವುಗಳಿಂದ ಹಸಿರು ಹಳದಿ ಪಟ್ಟೆಯ ತಂತಿಗಳು, ಸೋರಿದ ಕರೆಂಟನ್ನು ಮಣ್ಣಿಗಿಳಿಸುವ ಅರ್ಥ್ ತಂತಿಗಳು, ನೂರಾರು ಎಳೆಯಾಗಿ ಹೊರಟು, ಬಾಚಿದ ಜಡೆಯ ಹಾಗೆ ಒಂದಕ್ಕೊಂದು ಅಂಟಿ ನಡೆದು, ಒಂದೊಂದಾಗಿ ಗೋಡೆಯ ತೂತುಗಳಲ್ಲಿ ಮರೆಯಾಗಿದ್ದವು. ಒಂದು ಎಳೆಯೂ ಸೊಟ್ಟಗಿರಲಿಲ್ಲ. ಪ್ರತಿಯೊಂದರ ಕತ್ತಿಗೂ ಉಗುರಿನಷ್ಟು ದೊಡ್ಡ ತಗಡಿನ ಬಿಲ್ಲೆ, ಬಿಲ್ಲೆಯ ಮೇಲೆ ಕೈಯಿಂದ ಕೊರೆದ ಸಂಖ್ಯೆ. ಯಾವುದೋ ದೊಡ್ಡ ಪ್ರಾಣಿಯ ನರಮಂಡಲವನ್ನು ಬಿಚ್ಚಿ ಹರವಿದ ಹಾಗಿತ್ತು.

“ಇಷ್ಟೂ ನೀವೊಬ್ಬರೇ ಮಾಡಿದ್ದಾ?”

“ಹನ್ನೊಂದು ವರ್ಷ ಆಯ್ತು ಸಾರ್.”

“ಇವೆಲ್ಲ ಎಲ್ಲಿಗೆ ಹೋಗ್ತವೆ?”

“ಮನುಷ್ಯರ ಕೈ ತಾಗೋ ಕಡೆಗೆಲ್ಲ.”

ನಿಜವಾಗಿತ್ತು. ಕಟ್ಟಡ ಸುತ್ತಿದಷ್ಟೂ ಆ ತಂತಿಗಳು ಕಂಡವು. ನಲ್ಲಿಗಳಿಗೆ, ಟವೆಲ್ ಕಂಬಿಗೆ, ಕಿಟಕಿಯ ಸರಳಿಗೆ, ಕಬ್ಬಿಣದ ಬೆಂಚಿಗೆ. ನೋಟೀಸ್ ಬೋರ್ಡಿನ ಚೌಕಟ್ಟಿಗೂ ಒಂದು. ಮ್ಯಾನೇಜರನ ಕುರ್ಚಿಗೂ ಒಂದು. ಅದು ಉರುಳುವ ಕುರ್ಚಿಯಾದ್ದರಿಂದ ತಂತಿಯನ್ನು ಸುರುಳಿ ಸುತ್ತಿ ಬಿಡಲಾಗಿತ್ತು.

ದಫೇದಾರ್ ಕುರ್ಚಿಯ ಕಾಲನ್ನೇ ನೋಡುತ್ತ, “ಎಲ್ಲದಕ್ಕೂ ಅರ್ಥ ಕೊಟ್ಟಿದಾನೆ ಮಹಾರಾಯ. ನನಗೊಬ್ಬನಿಗೆ ಮಾತ್ರ ಏನೂ ಅರ್ಥ ಆಗ್ತಿಲ್ಲ,” ಎಂದ.

ಇನ್‌ಸ್ಪೆಕ್ಟರ್ ನಗಲಿಲ್ಲ. ಇಷ್ಟು ಜತನ ಕಂಡ ಕಟ್ಟಡದಲ್ಲಿ ಕರೆಂಟು ಹೊಡೆದು ಒಬ್ಬ ಹೇಗೆ ಸತ್ತಾನು ಎಂಬುದು ಅವನ ತಲೆಗೆ ಹತ್ತಲಿಲ್ಲ. ಆರಕ್ಕೆ ಪಂಚನಾಮೆ ಮುಗಿಸಿ, ಕೊಳಕ್ಕೂ ಪ್ಯಾನೆಲ್ ರೂಮಿಗೂ ಬೀಗ ಹಾಕಿಸಿ, ವಿದ್ಯುತ್ ಪರಿವೀಕ್ಷಣಾ ಕಚೇರಿಗೆ ಪತ್ರ ಕಳಿಸಿದ.

ಗುರುವಾರ ಬೆಳಿಗ್ಗೆ ಹನ್ನೊಂದಕ್ಕೆ ಬಂದ ವಿದ್ಯುತ್ ಪರಿವೀಕ್ಷಕಿ ಬೆಳ್ಳಿಕೂದಲಿನ ಗಿಡ್ಡ ಹೆಂಗಸು. ಹೆಗಲಿಗೆ ಚರ್ಮದ ಚೀಲ, ಕಾಲಿಗೆ ರಬ್ಬರಿನ ಬೂಟು. ಯಾರಿಗೂ ನಮಸ್ಕಾರ ಚಮತ್ಕಾರ ಇಲ್ಲದೆ ನೇರ ನೀರಿನಂಚಿಗೆ ಹೋದರು. ಒಣಗಿದ ಮರದ ಕೋಲಿಗೆ ಕಟ್ಟಿದ ಎರಡು ತಂತಿಗಳನ್ನು ಮೂರನೇ ದೀಪದ ಹತ್ತಿರ ಇಳಿಬಿಟ್ಟು, ಮೀಟರನ್ನು ಬೆಂಚಿನ ಮೇಲಿಟ್ಟರು.

“ಅವತ್ತು ಏನೇನು ಓಡ್ತಿತ್ತೋ ಎಲ್ಲಾ ಹಾಕಿ.”

ದೀಪಗಳು ಹತ್ತಿದವು. ಹಿಂದಿನ ಕೋಣೆಯಲ್ಲಿ ನೀರು ಸೋಸುವ ಪಂಪು ಗುರ್ ಎಂದಿತು. ಅದು ದಿನಾ ಬೆಳಿಗ್ಗೆ ಏಳೂವರೆಯಿಂದ ಎಂಟೂವರೆಯವರೆಗೆ ಮಾತ್ರ ಓಡುವುದು. ಮೀಟರಿನ ಮುಳ್ಳು ಸೊನ್ನೆಯಿಂದ ಕದಲಲಿಲ್ಲ.

“ನಾನು ಹೇಳಲಿಲ್ವಾ ಸಾರ್,” ಎಂದ ಮ್ಯಾನೇಜರ್. ಕರವಸ್ತ್ರ ಜೇಬಿಗೆ ಹೋಯಿತು.

ಪರಿವೀಕ್ಷಕಿ ಅವನತ್ತ ನೋಡಲೂ ಇಲ್ಲ. ಗೋಡೆಯ ಮೇಲಿದ್ದ ಟ್ರಾನ್ಸ್‌ಫಾರ್ಮರಿನ ಪೆಟ್ಟಿಗೆ ತೆರೆದು, ಮುಚ್ಚಳದ ಒಳಮೈಯನ್ನು ಹೆಬ್ಬೆರಳಿನಿಂದ ಉಜ್ಜಿದರು. “ಹೊರಗೆ ಹಳೇ ಬಣ್ಣ, ಒಳಗೆ ಹೊಸಾದು. ಇದೆಂಥ ಶೃಂಗಾರ?” ಚೀಲದಿಂದ ಒಂದು ಚೂರಿ ತೆಗೆದು ಬೂದು ಬಣ್ಣವನ್ನು ಮೆಲ್ಲಗೆ ಹೆರೆದರು. ಕೆಳಗಿನಿಂದ ಕೆಂಪು ಅಕ್ಷರಗಳು ಒಂದೊಂದಾಗಿ ಎದ್ದವು.

‘ಎಚ್ಚರಿಕೆ. ಈ ದೀಪಗಳ ಯಾವುದೇ ಭಾಗವನ್ನು ಭೂಸಂಪರ್ಕಕ್ಕೆ ಜೋಡಿಸಕೂಡದು.’

ಇನ್‌ಸ್ಪೆಕ್ಟರ್ ಎರಡು ಸಲ ಓದಿದ. “ಕೊಡಕೂಡದಾ? ಅರ್ಥ್ ಕೊಡದೇ ಇದ್ರೆ ಅಪಾಯ ಅಂತಲ್ವಾ ನಾವು ಕೇಳಿರೋದು?”

ಪರಿವೀಕ್ಷಕಿ ಚೀಲದಿಂದ ಸ್ಕ್ರೂಡ್ರೈವರ್ ತೆಗೆದರು. ಮೂರನೇ ದೀಪದ ಮೇಲೆ, ದಂಡೆಯಲ್ಲಿದ್ದ ಸಣ್ಣ ಜೋಡಣೆ ಪೆಟ್ಟಿಗೆಯ ತಿರುಪು ಬಿಚ್ಚಿದರು. ದೀಪದಿಂದ ಬಂದ ಎರಡು ಕರಿ ತಂತಿಗಳ ಪಕ್ಕದಲ್ಲಿ ಹಸಿರು ಹಳದಿಯ ಬೆರಳುದ್ದದ ತುಂಡೊಂದು ಕೂತಿತ್ತು. ಅದರ ತುದಿಯ ತಾಮ್ರ ಹೊಸ ನಾಣ್ಯದಂತೆ ಹೊಳೆಯಿತು.

“ಇದನ್ನ ಕತ್ತರಿಸಿ ಎರಡು ದಿನದ ಮೇಲೆ ಆಗಿಲ್ಲ. ಅದಕ್ಕಿಂತ ಹಳೇದಾಗಿದ್ರೆ ಈ ಸೆಕೆಗೆ ತಾಮ್ರ ಮಂಕಾಗೋಕೆ ಶುರುವಾಗಿರಬೇಕಿತ್ತು,” ಎಂದರು. ಆರೂ ಪೆಟ್ಟಿಗೆ ತೆರೆದರು. ಆರರಲ್ಲೂ ಅಂಥದ್ದೇ ತುಂಡು. ದಫೇದಾರ್ ಒಂದೊಂದನ್ನೂ ಫೋಟೋ ತೆಗೆಸಿ ಮಹಜರಿಗೆ ಸೇರಿಸಿದ.

ಪರಿವೀಕ್ಷಕಿ ಬೆಂಚಿನ ಮೇಲೆ ಕೂತು ಬೂಟಿನ ನೀರು ಒರೆಸುತ್ತ ವಿವರಿಸಿದರು.

“ಕರೆಂಟಿಗೆ ಒಂದೇ ಹಟ ಇನ್‌ಸ್ಪೆಕ್ಟರೇ. ಹೊರಟ ಕಡೆಗೇ ವಾಪಸ್ ಸೇರಬೇಕು. ಮನೆಯ ಮಾಮೂಲಿ ಕರೆಂಟಿಗೆ ಭೂಮಿ ಒಂದು ದಾರಿ. ನೀವು ತಂತಿ ಮುಟ್ಟಿದ್ರೆ ನಿಮ್ಮ ಮೈಯಿಂದಿಳಿದು ನೆಲದ ಮೂಲಕ ಮನೆ ಸೇರುತ್ತೆ. ಆದ್ರೆ ಈ ಟ್ರಾನ್ಸ್‌ಫಾರ್ಮರ್ ನೋಡಿ. ಒಳಗೆ ಎರಡು ಸುರುಳಿ. ಒಂದಕ್ಕೊಂದು ತಾಗೋದೇ ಇಲ್ಲ. ಈ ಕಡೆ ಹುಟ್ಟೋ ಹನ್ನೆರಡು ವೋಲ್ಟಿಗೆ ಭೂಮಿಯ ಪರಿಚಯಾನೇ ಇಲ್ಲ. ಅದರ ತಂತಿ ಮುಟ್ಟಿದ್ರೂ ನಿಮ್ಮೊಳಗಿಂದ ಹಾದು ಎಲ್ಲಿಗೆ ಹೋಗಬೇಕು ಅಂತ ಅದಕ್ಕೆ ಗೊತ್ತಾಗಲ್ಲ.”

“ಅಂದ್ರೆ ದ್ವೀಪದ ಹಾಗೆ.”

“ಹಾಗೇ. ಯಾರ ಗೊಡವೆಗೂ ಹೋಗದೆ ತನ್ನ ಪಾಡಿಗೆ ತಾನಿರೋದೇ ಅದರ ರಕ್ಷಣೆ. ಅದಕ್ಕೆ ನೀವು ಅರ್ಥ್ ತಂತಿ ಕಟ್ಟಿದ್ರೆ ಇಡೀ ಕಟ್ಟಡದ ಜೊತೆ ಬೀಗತನ ಬೆಳೆಸಿದ ಹಾಗೆ. ಆಮೇಲೆ ಬೀಗರ ಮನೇಲಿ ಎಲ್ಲಿ ಬೆಂಕಿ ಬಿದ್ರೂ ಹೊಗೆ ಇಲ್ಲಿಗೂ ಬರುತ್ತೆ.”

“ಕಡಿಮೆ ವೋಲ್ಟೇಜಿಗೆಲ್ಲ ಹೀಗೇನಾ?”

“ಅದೇ ಕಷ್ಟ. ಆ ಪಂಪಿನ ಗುಂಡಿಗಳ ಪೆಟ್ಟಿಗೆ ನೋಡಿ, ಅಲ್ಲೂ ಇಪ್ಪತ್ನಾಲ್ಕೇ ವೋಲ್ಟು. ಆದ್ರೆ ಅದು ದೊಡ್ಡ ಕರೆಂಟಿಂದ ಪೂರ್ತಿ ಬೇರೆಯಾಗಿಲ್ಲ, ಬರೀ ಇಳಿಸಿದ್ದಾರೆ. ಅದಕ್ಕೆ ರಕ್ಷಣಾ ತಂತಿ ಕೊಡಲೇಬೇಕು. ನಿಮ್ಮ ಎಲೆಕ್ಟ್ರಿಷಿಯನ್ ಅಲ್ಲಿ ಕೊಟ್ಟಿದಾನೆ, ಮುತ್ತು ಪೋಣಿಸಿದ ಹಾಗೆ ಕೊಟ್ಟಿದಾನೆ. ಹೊರಗಿಂದ ನೋಡಿದ್ರೆ ಎರಡೂ ಒಂದೇ ಥರ. ಒಂದಕ್ಕೆ ಆ ತಂತಿ ಇಲ್ಲದಿದ್ರೆ ಸಾವು, ಇನ್ನೊಂದಕ್ಕೆ ಇದ್ರೆ ಸಾವು.”

ಇನ್‌ಸ್ಪೆಕ್ಟರ್ ನೀರನ್ನು ನೋಡಿದ. ನೀಲಿಯಾಗಿ, ತಣ್ಣಗೆ, ಏನೂ ಅರಿಯದ ಹಾಗೆ ಬಿದ್ದುಕೊಂಡಿತ್ತು. ಇಂಥ ನೀರಿಗೆ ಅವನ ಮಕ್ಕಳೂ ಇಳಿದಿದ್ದರು. ಗೋಡೆಯ ಹಿಂದೆ ಎರಡು ಸುರುಳಿಗಳು ತಾಗದೇ ಇವೆ ಎಂಬ ಒಂದೇ ನಂಬಿಕೆಯ ಮೇಲೆ ಮಕ್ಕಳು ನೀರಿಗೆ ಹಾರುತ್ತಾರೆ, ಅದೂ ಗೊತ್ತೇ ಇಲ್ಲದೆ. ಯಾರೋ ಕಾಣದ ಜನ ಎಲ್ಲೋ ಕೂತು ಇಷ್ಟನ್ನೂ ಯೋಚಿಸಿಟ್ಟಿದ್ದಾರಲ್ಲ ಎಂದು ಅವನ ಮೈ ಜುಮ್ಮೆಂದಿತು.

“ಈಗ ಅವತ್ತಿನ ಹಾಗೆ ಮಾಡಿ ನೋಡೋಣ,” ಎಂದರು ಪರಿವೀಕ್ಷಕಿ. ಎಲ್ಲರನ್ನೂ ಗೋಡೆಗೆ ಆನಿಸಿ ನಿಲ್ಲಿಸಿದರು. ತಮ್ಮ ಚೀಲದ ತಂತಿಯಿಂದ ಮೂರನೇ ದೀಪದ ತುಂಡನ್ನು ಕಟ್ಟಡದ ಅರ್ಥ್ ಪಟ್ಟಿಗೆ ಸೇರಿಸಿದರು. ಮೊದಲು ದೀಪ. ಸೊನ್ನೆ. “ಈಗ ಪಂಪು.”

ಪಂಪು ಗುರ್ ಎಂದಿತು. ಮುಳ್ಳು ಒಮ್ಮೆ ನಡುಗಿ ಮೇಲೇರತೊಡಗಿತು. ನಲವತ್ತು. ತೊಂಬತ್ತು. ನೂರ ನಲವತ್ತು ವೋಲ್ಟಿನಲ್ಲಿ ನಿಂತಿತು.

ನೀರಿನ ಮೇಲೆ ಒಂದು ಸುಕ್ಕೂ ಇರಲಿಲ್ಲ. ಬಣ್ಣ ಬದಲಾಗಲಿಲ್ಲ, ಸದ್ದಿಲ್ಲ, ವಾಸನೆಯಿಲ್ಲ. ಅದೇ ನೀರು, ಅದೇ ದೀಪ. ಒಂದು ತಂತಿ ಸೇರಿದ್ದಷ್ಟೇ. ದಫೇದಾರ್ ತನಗರಿವಿಲ್ಲದೆ ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡಿದ್ದ. ಪಂಚರಲ್ಲೊಬ್ಬ ಇನ್ನೊಬ್ಬನ ತೋಳು ಹಿಡಿದಿದ್ದ. ಬಾಗಿಲ ಹತ್ತಿರ ಟಾರ್ಚ್ ಹಿಡಿದು ನಿಂತಿದ್ದ ಅರ್ಥಿಂಗಣ್ಣ ಗೋಡೆಗುಂಟ ಜಾರಿ ನೆಲಕ್ಕೆ ಕೂತ. ಇನ್‌ಸ್ಪೆಕ್ಟರ್ ಅದನ್ನು ಗಮನಿಸಿದ, ಮಾತಾಡಿಸಲಿಲ್ಲ.

ಉಳಿದದ್ದು ಮಧ್ಯಾಹ್ನದೊಳಗೆ ಬಿಡಿಸಿಕೊಂಡಿತು. ಪಂಪಿನ ಮೋಟಾರಿನೊಳಗೆ ತಂತಿಯ ಹೊದಿಕೆ ಸವೆದು ಕರೆಂಟು ಅದರ ಕಬ್ಬಿಣದ ಮೈಗೆ ಸೋರುತ್ತಿತ್ತು. ಸೋರಿದ ಕರೆಂಟು ಅರ್ಥ್ ತಂತಿ ಹಿಡಿದು ಹಿತ್ತಲಿನ ಗುಂಡಿಯಲ್ಲಿ ಮಣ್ಣಿಗೆ ಇಳಿಯಬೇಕಿತ್ತು. ಪರಿವೀಕ್ಷಕಿ ಹೇಳಿದ ಜಾಗದಲ್ಲಿ ಹೊಸ ಕಲ್ಲುಹಾಸು ಎಬ್ಬಿಸಿ ನೋಡಿದರೆ ಗುಂಡಿಗೆ ಹೋಗುವ ತಾಮ್ರದ ಪಟ್ಟಿ ತುಂಡಾಗಿತ್ತು. ಮೂರು ವಾರದ ಹಿಂದೆ ಕಲ್ಲು ಹಾಸಿದ ಮೇಸ್ತ್ರಿಯನ್ನು ಕರೆಸಿದರು. “ಅಡ್ಡ ಬಂತು ಸಾರ್, ಹಳೇ ಪೈಪಿನ ಪಟ್ಟಿ ಅಂದ್ಕೊಂಡು ಕೊಯ್ದೆ,” ಎಂದ. ಕಟ್ಟಡ ಹಳೆಯದು, ಸೋರಿಕೆ ಕಂಡೊಡನೆ ತಾನಾಗಿ ಬೀಳುವ ಸ್ವಿಚ್ಚು ಪಂಪಿನ ಲೈನಿಗೆ ಇರಲೇ ಇಲ್ಲ. ಮಣ್ಣಿಗೆ ಹೋಗಲಾರದ ಕರೆಂಟು ಹಸಿರು ಹಳದಿ ತಂತಿಗಳಲ್ಲೇ ಕಟ್ಟಡವೆಲ್ಲ ಹರಡಿಕೊಂಡಿತ್ತು. ಒಣ ನೆಲ, ಚಪ್ಪಲಿ ಕಾಲು, ಹಾಗಾಗಿ ಬೇರೆ ಕಡೆ ಯಾರಿಗೂ ತಿಳಿಯಲಿಲ್ಲ. ಟವೆಲ್ ಕಂಬಿ ಒಮ್ಮೊಮ್ಮೆ ಜುಂ ಎನ್ನುತ್ತದೆ ಎಂದು ಟಿಕೆಟ್ ಕೊಡುವಾಕೆ ಈಗ ನೆನಪಿಸಿಕೊಂಡಳು.

“ಆ ಆರು ತಂತಿ ಇಲ್ಲದೇ ಇದ್ದಿದ್ರೆ ಪಂಪು ಕೆಟ್ರೂ, ಪಟ್ಟಿ ತುಂಡಾದ್ರೂ, ನೀರಿಗೆ ಬರ್ತಿರಲಿಲ್ಲ. ಇಷ್ಟನ್ನ ನಾನು ಬರೆದು ಕೊಡ್ತೀನಿ,” ಎಂದು ಪರಿವೀಕ್ಷಕಿ ವರದಿಗೆ ಸಹಿ ಹಾಕಿದರು. ಹೊರಡುವ ಮುಂಚೆ ಪ್ಯಾನೆಲ್ ರೂಮಿನ ಬಾಗಿಲಲ್ಲಿ ಒಂದು ನಿಮಿಷ ನಿಂತು ತಂತಿಗಳನ್ನು ನೋಡಿದರು. “ಮೂವತ್ತನಾಲ್ಕು ವರ್ಷದ ಸರ್ವಿಸಲ್ಲಿ ಇಂಥ ಕೈಕೆಲಸ ಕಂಡಿಲ್ಲ,” ಎಂದು ಯಾರಿಗೂ ಅಲ್ಲದಂತೆ ಹೇಳಿ ಹೋದರು.

ಅಷ್ಟರಲ್ಲಿ ದಫೇದಾರ್ ಒಂದು ಹಾಳೆ ಹಿಡಿದು ಬಂದ. ಪ್ಯಾನೆಲ್ ರೂಮಿನ ತಾಮ್ರದ ಪಟ್ಟಿಗಳ ಮುಂದೆ ಸ್ಟೂಲು ಹಾಕಿಕೊಂಡು ಒಂದು ಗಂಟೆ ಹೊತ್ತು ತಗಡಿನ ಬಿಲ್ಲೆಗಳನ್ನು ಎಣಿಸಿದ್ದ. “ಒಂದರಿಂದ ಇನ್ನೂರ ಹನ್ನೊಂದರ ತನಕ ಇದೆ ಸಾರ್. ನೂರ ಎಂಬತ್ತೇಳನೇದು ಟವೆಲ್ ಕಂಬಿಗೆ. ನೂರ ತೊಂಬತ್ತನಾಲ್ಕನೇದು ಔಷಧಿ ಬೀರುವಿಗೆ. ನಡುವೆ ಆರು ಬಿಲ್ಲೆ ಇಲ್ಲ.”

“ಆರು ದೀಪ,” ಎಂದ ಇನ್‌ಸ್ಪೆಕ್ಟರ್.

ಮೂರೂ ನಲವತ್ತಕ್ಕೆ ವಿಚಾರಣೆ ಶುರುವಾಯಿತು. ಮ್ಯಾನೇಜರನ ಕೋಣೆ, ಕಿಟಕಿ ತೆರೆದಿತ್ತು. ಮೇಜಿನ ಈಚೆ ಇನ್‌ಸ್ಪೆಕ್ಟರ್, ಆಚೆ ಅರ್ಥಿಂಗಣ್ಣ. ಮೂಲೆಯಲ್ಲಿ ದಫೇದಾರ್ ಬರೆದುಕೊಳ್ಳುತ್ತಿದ್ದ.

“ಕೋಚ್ ಮುಳುಗಿದಾಗ ಮೊದಲು ಏನು ಮಾಡಿದ್ರಿ?”

“ಮೇನ್ ಆಫ್ ಮಾಡಿದೆ.”

“ಮುಳುಗಿದವನನ್ನ ಬಿಟ್ಟು ಮೇನ್ ಕಡೆ ಯಾಕೆ ಓಡಿದ್ರಿ?”

ಅರ್ಥಿಂಗಣ್ಣ ಮೇಜಿನಂಚನ್ನು ಹೆಬ್ಬೆರಳಿನಿಂದ ಸವರಿದ.

“ಒಟ್ಟು ಬಿಲ್ಲೆ ಎಷ್ಟು?”

“ಇನ್ನೂರ ಹನ್ನೊಂದು.”

“ದಫೇದಾರ್ ಎಣಿಸಿದ್ದು ಇನ್ನೂರ ಐದು.”

ಅರ್ಥಿಂಗಣ್ಣ ಕಾಲ ಬಳಿ ಇದ್ದ ಹತಾರದ ಚೀಲ ಎತ್ತಿ ಮಡಿಲಲ್ಲಿಟ್ಟುಕೊಂಡ. ಒಳಜೇಬಿನಿಂದ ಆರು ಬಿಲ್ಲೆ ತೆಗೆದು ಮೇಜಿನ ಮೇಲೆ ಒಂದರ ಪಕ್ಕ ಒಂದು ಜೋಡಿಸಿದ. ನೂರ ಎಂಬತ್ತೆಂಟರಿಂದ ನೂರ ತೊಂಬತ್ತಮೂರು. ಕ್ರಮ ತಪ್ಪಲಿಲ್ಲ, ಸಾಲೂ ತಪ್ಪಲಿಲ್ಲ.

“ತಂತಿ ಎಲ್ಲಿ?”

“ಮನೇಲಿದೆ. ಬಿಸಾಕೋಕೆ ಆಗಲಿಲ್ಲ.”

“ಯಾವಾಗ ಹಾಕಿದ್ದು?”

“ಹೋದ ತಿಂಗಳು ಹತ್ತೊಂಬತ್ತನೇ ತಾರೀಕು. ನೀರು ಖಾಲಿ ಮಾಡಿ ಕೊಳ ತೊಳೆಯೋ ದಿನ.”

“ಪೆಟ್ಟಿಗೆ ಮುಚ್ಚಳದಲ್ಲಿ ಬರೆದಿತ್ತಲ್ಲ, ಓದಲಿಲ್ವಾ?”

“ಓದಿದೆ. ಬೆರಳಿಟ್ಟು ಓದಿದೆ. ನಂಬಲಿಲ್ಲ.” ಅವನು ಮೊದಲ ಬಾರಿಗೆ ತಲೆಯೆತ್ತಿದ. “ಲೋಹ ನೀರೊಳಗಿದೆ. ಮಕ್ಕಳು ಇಳೀತಾರೆ. ಅರ್ಥ್ ಕೊಡಬೇಡ ಅಂತ ಬರೆದೋರು ಕೆಲಸಗಳ್ಳರು ಅಂದ್ಕೊಂಡೆ. ಅರ್ಥ್ ಇದ್ದು ಯಾರಾದ್ರೂ ಸತ್ತಿದ್ದು ನಾನು ಕಂಡಿರಲಿಲ್ಲ ಸಾರ್.”

“ಬಣ್ಣ ಬಳಿದದ್ದು?”

“ಇನ್ಯಾರಾದ್ರೂ ಓದಿ ನನ್ನ ತಂತಿ ಕಿತ್ತುಹಾಕಿಬಿಟ್ರೆ ಅಂತ.”

ದಫೇದಾರನ ಪೆನ್ನು ಒಂದು ಕ್ಷಣ ನಿಂತು ಮತ್ತೆ ಓಡಿತು.

“ನೀರು ಚಿವುಟುತ್ತೆ ಅಂತ ಕೋಚ್ ನಿಮಗೆ ಹೇಳಿದ್ನಾ?”

ಅರ್ಥಿಂಗಣ್ಣ ಬಿಲ್ಲೆಗಳ ಸಾಲಿನ ಮೇಲೆ ಬೆರಳಾಡಿಸಿದ.

“ಸೋಮವಾರ ಬಂದಿದ್ದ. ‘ಅಣ್ಣಾ, ದೀಪದ ಹತ್ತಿರ ಏನೋ ಇದೆ, ಒಂದ್ಸಲ ನೋಡು’ ಅಂದ. ನಾನು ಹೇಳಿದೆ, ‘ಅದಕ್ಕೆ ನನ್ನ ಕೈಯಾರೆ ಅರ್ಥ್ ಕೊಟ್ಟಿದೀನಿ ಮಾರಾಯ, ಏನೂ ಆಗೋಕೆ ಸಾಧ್ಯಾನೇ ಇಲ್ಲ’ ಅಂತ. ನನ್ನ ಮಾತಿನ ಮೇಲೆ ಇಳಿದ. ಆದ್ರೂ ಮಕ್ಕಳನ್ನ ಇಳಿಸಲಿಲ್ಲ ನೋಡಿ.”

“ನಿಮಗೆ ಯಾವಾಗ ತಿಳೀತು?”

“ಅವನು ಕೈ ಚಾಚಿ ಕುಸಿದದ್ದು ನೋಡಿದೆ. ನನ್ನ ಕಾಲು ತಾನಾಗಿ ಮೇನ್ ಕಡೆ ಓಡಿತು. ಹಿಡಿ ಎಳೆದ ಮೇಲೆ ತಿಳೀತು, ಯಾಕೆ ಓಡಿಬಂದೆ ಅಂತ. ಕರೆಂಟು ಎಲ್ಲಿಂದ ಬಂತೋ ಗೊತ್ತಾಗಲಿಲ್ಲ. ಇವತ್ತು ಆ ಅಮ್ಮ ತೋರಿಸಿದ ಮೇಲೇ ಗೊತ್ತಾಗಿದ್ದು. ಬಂದ ದಾರಿ ಮಾತ್ರ ನಾನು ಹಾಕಿದ್ದೇ ಅಂತ ಅವತ್ತೇ ಗೊತ್ತಿತ್ತು.”

“ಅವತ್ತೇ ಯಾಕೆ ಹೇಳಲಿಲ್ಲ?”

“ಮಾರನೇ ದಿನ ಮತ್ತೆ ಮಕ್ಕಳು ಬರ್ತಾರೆ, ಮೊದಲು ತಂತಿ ಕತ್ತರಿಸೋಣ, ಆಮೇಲೆ ಹೇಳೋಣ ಅಂದ್ಕೊಂಡೆ. ಕತ್ತರಿಸಿ ಹೊರಗೆ ಬರೋ ಹೊತ್ತಿಗೆ ಎಲ್ಲರೂ ಹಾರ್ಟ್ ಅಟ್ಯಾಕ್ ಅಂತಿದ್ರು. ಬಾಯಿ ಕಟ್ಟಿಹೋಯ್ತು.”

ಆ ಕತ್ತರಿಯೇ ಸಾಕ್ಷ್ಯ ನಾಶ, ಆ ಕತ್ತರಿಯೇ ಇಪ್ಪತ್ತೆರಡು ಮಕ್ಕಳ ಪ್ರಾಣ ಉಳಿಸಿದ್ದು. ಇನ್‌ಸ್ಪೆಕ್ಟರ್ ಎರಡನ್ನೂ ಒಂದೇ ಹಾಳೆಯ ಮೇಲೆ ಬರೆಯಬೇಕಿತ್ತು. ನಿರ್ಲಕ್ಷ್ಯದಿಂದ ಸಾವಿಗೆ ಕಾರಣನಾದ ಆರೋಪ, ಸಾಕ್ಷ್ಯ ಮರೆಮಾಚಿದ ಆರೋಪ. ದೂರು ಕೇಳಿಯೂ ಕೊಳ ಮುಚ್ಚದ ಮ್ಯಾನೇಜರ್ ಎರಡನೇ ಆರೋಪಿ. ಸಂಜೆ ನಾಲ್ಕೂ ಐವತ್ತಕ್ಕೆ ಅರ್ಥಿಂಗಣ್ಣನ ಬಂಧನದ ಪತ್ರಕ್ಕೆ ಸಹಿಯಾಯಿತು. ಅವನು ಹತಾರದ ಚೀಲವನ್ನು ದಫೇದಾರನ ಕೈಗೆ ಕೊಟ್ಟು ಎದ್ದು ನಿಂತ. ಬೇಡಿ ಹಾಕಲು ಇನ್‌ಸ್ಪೆಕ್ಟರ್ ಹೇಳಲಿಲ್ಲ, ದಫೇದಾರ್ ಕೇಳಲೂ ಇಲ್ಲ.

ಠಾಣೆಯಲ್ಲಿ ಹೇಳಿಕೆ ಬರೆಸಿಕೊಳ್ಳುವಾಗ ಇನ್‌ಸ್ಪೆಕ್ಟರ್ ಕೊನೆಯದಾಗಿ ಕೇಳಿದ. “ಕುರ್ಚಿಗೂ ಅರ್ಥ್, ನೋಟೀಸ್ ಬೋರ್ಡಿಗೂ ಅರ್ಥ್. ಯಾರೂ ಹೇಳದೆ ಹನ್ನೊಂದು ವರ್ಷ. ಯಾಕೆ?”

ಅರ್ಥಿಂಗಣ್ಣ ಟೀ ಲೋಟವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಹೇಳಿದ.

ಅವನಿಗೊಬ್ಬ ತಮ್ಮನಿದ್ದ. ಅಣ್ಣನಿಗಿಂತ ಹದಿನಾಲ್ಕು ವರ್ಷ ಚಿಕ್ಕವನು, ಮಗನಂತೆ ಬೆಳೆಸಿದ್ದು. ಅಚ್ಚುಕೂಟವೊಂದರಲ್ಲಿ ಕೆಲಸಕ್ಕಿದ್ದ. ಅಲ್ಲಿ ಕುಡಿಯುವ ನೀರು ತಣ್ಣಗೆ ಮಾಡುವ ಒಂದು ಯಂತ್ರ. ಸಾಕೆಟ್ಟಿಗೆ ಎರಡೇ ತೂತು ಇದ್ದುದರಿಂದ ಪ್ಲಗ್ಗಿನ ಮೂರನೇ ಕಡ್ಡಿಯನ್ನು, ಅರ್ಥಿನ ಕಡ್ಡಿಯನ್ನು, ಯಾರೋ ಕತ್ತರಿಸಿ ಹಾಕಿದ್ದರು. ತಮ್ಮ ಅದನ್ನು ಅಣ್ಣನಿಗೆ ತೋರಿಸಿದ. ಎಲೆಕ್ಟ್ರಿಷಿಯನ್ ಅಣ್ಣ. ಅವತ್ತು ಬೇರೆಲ್ಲೋ ಕೆಲಸವಿತ್ತು.

“ನಾಳೆ ಬಂದು ಹಾಕಿಕೊಡ್ತೀನಿ ಅಂದೆ ಸಾರ್. ಒಂದು ಮೊಳ ತಂತಿ, ಎರಡು ತಿರುಪು. ಹತ್ತು ನಿಮಿಷದ ಕೆಲಸ. ಮಾರನೇ ಬೆಳಿಗ್ಗೆ ಹೋಗೋ ಹೊತ್ತಿಗೆ ಅವನನ್ನ ಬಾಗಿಲಲ್ಲಿ ಮಲಗಿಸಿದ್ರು. ಕೈಯಲ್ಲಿ ಲೋಟ ಹಾಗೇ ಇತ್ತು. ಇಪ್ಪತ್ತೇಳು ವರ್ಷ.” ಅವನು ಟೀ ಕುಡಿಯದೆ ಲೋಟ ಕೆಳಗಿಟ್ಟ. “ಆಮೇಲೆ ಯಾವ ಕಬ್ಬಿಣ ಕಂಡ್ರೂ ‘ನಾಳೆ’ ಅನ್ನೋಕೆ ನನ್ನಿಂದ ಆಗಲಿಲ್ಲ.”

ದಫೇದಾರ್ ಹೇಳಿಕೆಯನ್ನು ಓದಿ ಹೇಳಿದ. ಅರ್ಥಿಂಗಣ್ಣ ಪ್ರತಿ ಹಾಳೆಗೂ ಸಹಿ ಹಾಕಿದ.

ಶುಕ್ರವಾರ ಹನ್ನೊಂದಕ್ಕೆ ನರ್ಸ್ ಅಕ್ಕ ಬಂದಳು. ಶವಪರೀಕ್ಷೆಯ ವರದಿಯ ನಕಲು ಬೇಕಿತ್ತು. ಇನ್‌ಸ್ಪೆಕ್ಟರ್ ಅವಳನ್ನು ಕೂರಿಸಿ ಇದ್ದದ್ದನ್ನು ಇದ್ದ ಹಾಗೆ ಹೇಳಿದ. ಹನ್ನೆರಡು ವೋಲ್ಟಿನ ದ್ವೀಪ, ಆರು ತಂತಿ, ನೂರ ನಲವತ್ತರಲ್ಲಿ ನಿಂತ ಮುಳ್ಳು. ಅಚ್ಚುಕೂಟದ ತಮ್ಮನ ಕತೆಯನ್ನೂ ಬಿಡಲಿಲ್ಲ. ಹೇಳಬೇಕೋ ಬೇಡವೋ ಎಂದು ಬೆಳಿಗ್ಗೆಯೆಲ್ಲ ತೂಗಿ ನೋಡಿದ್ದ. ಬಚ್ಚಿಡುವುದು ತನ್ನ ಹಕ್ಕಲ್ಲ ಅನ್ನಿಸಿತ್ತು.

ಅವಳು ಎಲ್ಲ ಕೇಳಿ ವರದಿಯನ್ನು ಮಡಿಸಿದಳು. ಮಡಿಕೆ ಸರಿಯಾಗಲಿಲ್ಲವೆಂದು ಬಿಚ್ಚಿ ಮತ್ತೆ ಮಡಿಸಿದಳು.

“ನನ್ನ ತಮ್ಮನ ಮೇಲೆ ಅವರಿಗೆ ಏನಾದ್ರೂ ಸಿಟ್ಟಿತ್ತಾ?”

“ಇಲ್ಲಮ್ಮ. ಅಣ್ಣಾ ಅಂತಿದ್ದನಂತೆ.”

“ಅವನು ಎಲ್ಲರಿಗೂ ಹಾಗೇ ಅಂತಿದ್ದ.” ಅವಳು ಬಾಗಿಲವರೆಗೆ ಹೋಗಿ ತಿರುಗಿ ನಿಂತಳು. “ಕ್ಷಮಿಸಿದೀನಿ ಅಂತ ಅವರಿಗೆ ಹೇಳ್ಬೇಡಿ. ಅಷ್ಟು ದೊಡ್ಡ ಮನಸ್ಸು ನನಗೆ ಇವತ್ತು ಬಂದಿಲ್ಲ. ಅವರ ತಮ್ಮನ ವಿಷಯ ನನಗೆ ಗೊತ್ತಾಯ್ತು ಅಂತ ಮಾತ್ರ ಹೇಳಿ.”

ಅವಳ ಹೆಜ್ಜೆಸದ್ದು ಅಂಗಳ ದಾಟುವವರೆಗೂ ಇನ್‌ಸ್ಪೆಕ್ಟರ್ ಕೂತಲ್ಲೇ ಕೂತಿದ್ದ. ಆಮೇಲೆ ಎದ್ದು ಒಳಗೆ ಹೋದ. ಸರಳಿನಾಚೆ ಅರ್ಥಿಂಗಣ್ಣ ಗೋಡೆಗೊರಗಿ ಕೂತಿದ್ದ. ಇನ್‌ಸ್ಪೆಕ್ಟರ್ ಅವಳ ಮಾತನ್ನು ಒಂದಕ್ಷರ ಸೇರಿಸದೆ, ಒಂದಕ್ಷರ ಬಿಡದೆ ಹೇಳಿದ.

ಅರ್ಥಿಂಗಣ್ಣ ಎದ್ದು ನಿಂತ. ಬಹಳ ಹೊತ್ತು ಹಾಗೇ ನಿಂತಿದ್ದ, ದೊಡ್ಡವರು ಯಾರೋ ಕೋಣೆಯೊಳಗೆ ಬಂದಾಗ ನಿಲ್ಲುವ ಹಾಗೆ.